ಆಗದವರ ತಟ್ಟೆ

ನಮ್ಮ ಊರಿನಲ್ಲಿ ಸೋಮವಾರ ಬೆಳಿಗ್ಗೆ ಯಾರ ಮನೆಯಲ್ಲೂ ಚಹಾ ಕುದಿಯುವುದಿಲ್ಲ. ಹೊಸದಾಗಿ ವರ್ಗವಾಗಿ ಬಂದ ಬ್ಯಾಂಕ್ ಮ್ಯಾನೇಜರೊಬ್ಬರು ಇದು ಯಾವುದೋ ವ್ರತವಿರಬೇಕೆಂದುಕೊಂಡು ಮೂರು ವಾರ ಭಕ್ತಿಯಿಂದ ಉಪವಾಸ ಮಾಡಿದ್ದರು. ವ್ರತವೂ ಅಲ್ಲ, ಗಿತವೂ ಅಲ್ಲ. ಹಿಂದಿನ ರಾತ್ರಿ ಉಂಡ ಮೇಲೆ ಏನನ್ನೂ ಬಾಯಿಗೆ ಹಾಕದೆ, ಬೆಳಿಗ್ಗೆ ಎದ್ದು ಕೈಯನ್ನು ಸೀಗೆಪುಡಿಯಿಂದ ತಿಕ್ಕಿ ತೊಳೆದು, ತಾಮ್ರದ ತಟ್ಟೆಗೆ ನೀರು ತುಂಬಿ, ಉಂಗುರದ ಬೆರಳನ್ನು ಅದ್ದಿ ತೆಗೆಯಬೇಕು. ಮೈಯೊಳಗಿನ ಜಿಡ್ಡು ನೀರಿನ ಮೇಲೆ ಬಿಚ್ಚಿಕೊಳ್ಳುತ್ತದೆ. ಒಳಗೆ ಜೇನಿನ ಬಣ್ಣದ ಬಳೆ, ಅದರ ಸುತ್ತ ನವಿಲಿನ ಕತ್ತಿನ ನೀಲಿ ಬಳೆ, ಹೊರಗೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನದು ಇನ್ನೊಂದು. ಮೂರೂ ದುಂಡಗಿದ್ದರೆ ಲಿವರ್ ನೆಟ್ಟಗಿದೆ, ಚಹಾಕ್ಕಿಡಬಹುದು. ನೀಲಿ ಬಳೆ ಸೊರಗಿ, ಹೊರಗಿನ ಬಳೆ ಗಸಗಸೆಯಷ್ಟು ಸಣ್ಣ ಹನಿಗಳಾಗಿ ಒಡೆದಿದ್ದರೆ ಲಿವರಿನಲ್ಲಿ ಬರಬಾರದ್ದೇನೋ ಬರುತ್ತಿದೆ ಎಂದು ಅರ್ಥ. ಆಸ್ಪತ್ರೆಯ ದಾರಿ ಹಿಡಿಯಬೇಕು. ತಟ್ಟೆಯ ನೀರನ್ನು ಸಂಜೆಯವರೆಗೆ ಚೆಲ್ಲುವಂತಿಲ್ಲ. ಅದು ಮನೆಯ ಮುಂದಿನ ಕಟ್ಟೆಯ ಮೇಲೆಯೇ ಇರಬೇಕು. ಹೋಗಿ ಬರುವವರು ಇಣುಕಬಹುದು, ಆದರೆ ಓದುವಂತಿಲ್ಲ.

ಓದುವುದಕ್ಕೆ ಬೇರೆಯೇ ನಿಯಮವಿದೆ. ನಿಮ್ಮ ತಟ್ಟೆಯನ್ನು ನಿಮಗೆ ಆಗದವರೇ ಓದಬೇಕು.

ತಾಯಿ ಮಗನದನ್ನು ಓದಿದರೆ, ಗಂಡ ಹೆಂಡತಿಯದನ್ನು ಓದಿದರೆ, ಗೆಳೆಯ ಗೆಳೆಯನದನ್ನು ಓದಿದರೆ ಎಲ್ಲವೂ ದುಂಡಗೇ ಕಾಣುತ್ತದೆ ಎಂದು ಹಿಂದಿನವರು ಸಾಕಷ್ಟು ಜನರನ್ನು ಮಣ್ಣು ಮಾಡಿದ ಮೇಲೆ ಕಂಡುಕೊಂಡಿದ್ದರಂತೆ. ಹೀಗಾಗಿ ನಮ್ಮಲ್ಲಿ ಪ್ರತಿಯೊಬ್ಬನಿಗೂ ಒಬ್ಬ ಆಗದವನು ಇರಲೇಬೇಕು. ತಟ್ಟೆಗಳ ಉಸ್ತುವಾರಿ ನೋಡುವ ಊರ ಹಿರಿಯ ಸಿದ್ರಾಮಣ್ಣನವರ ಬಳಿ ಒಂದು ದಪ್ಪ ಪುಸ್ತಕವಿದೆ. ಯಾರಿಗೆ ಯಾರು ಆಗುವುದಿಲ್ಲ ಎಂಬ ಪಟ್ಟಿ ಅದರಲ್ಲಿದೆ. ಅತ್ತೆ ಸೊಸೆಯರಿಗೆ ಈ ವಿಷಯದಲ್ಲಿ ಯಾವ ತೊಂದರೆಯೂ ಇಲ್ಲ. ಅಣ್ಣತಮ್ಮಂದಿರಿಗೂ ಆಸ್ತಿ ಭಾಗವಾದ ಮೇಲೆ ಅನುಕೂಲವಾಗುತ್ತದೆ. ಕಷ್ಟವಾಗುವುದು ಒಳ್ಳೆಯವರಿಗೆ. ನಮ್ಮ ಶಾಲೆಯ ಹೆಡ್‌ಮಾಸ್ತರು ಯಾರ ಜೊತೆಯೂ ದನಿ ಎತ್ತರಿಸಿ ಮಾತಾಡಿದವರಲ್ಲ. ಅವರ ತಟ್ಟೆ ಓದುವವರಿಲ್ಲದೆ ಎರಡು ತಿಂಗಳು ಬಿದ್ದಿತ್ತು. ಕೊನೆಗೆ ಪಾಪ, ಅಂಚೆಯ ಗುರುಪಾದಪ್ಪನ ಮನೆಗೆ ಹೋಗಿ, ಕೈಮುಗಿದು, ನಿಮ್ಮ ಮೂಗು ನನಗೆ ಸರಿ ಬರುವುದಿಲ್ಲ ಎಂದು ಹೇಳಿ ಬಂದರು.

ನನಗೆ ಅಂಥ ಚಿಂತೆ ಇರಲಿಲ್ಲ. ನನಗೆ ಯಮನಪ್ಪ ಇದ್ದ.

ನಾನು ಟೇಲರ್ ಪುಂಡಲೀಕ. ನಲವತ್ತು ವರ್ಷದಿಂದ ಸೂಜಿಗೆ ದಾರ ಪೋಣಿಸುತ್ತಿದ್ದೇನೆ, ಇವತ್ತಿಗೂ ಕನ್ನಡಕ ಬೇಕಾಗಿಲ್ಲ. ಯಮನಪ್ಪ ನನ್ನ ಗೋಡೆಗೆ ಗೋಡೆ ಹತ್ತಿದ ಮನೆಯವನು, ಊರಿನ ಬ್ಯಾಂಡ್ ಮಾಸ್ಟರು, ಕ್ಲಾರಿಯೋನೆಟ್ ಊದುತ್ತಾನೆ. ಹನ್ನೊಂದು ವರ್ಷದ ಹಿಂದೆ ಅವನ ಬ್ಯಾಂಡಿನ ಹದಿನಾಲ್ಕು ಜನರಿಗೆ ನಾನೇ ಕೆಂಪು ಕೋಟು, ಬಿಳಿ ಪ್ಯಾಂಟು ಹೊಲಿದುಕೊಟ್ಟೆ. ಅಳತೆ ತೆಗೆಯುವಾಗ ಯಮನಪ್ಪ ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಂಡು ನಿಂತ. ಟೇಪು ಮೂವತ್ತನಾಲ್ಕು ತೋರಿಸಿತು. ಉಸಿರು ಬಿಡು ಮಾರಾಯ ಎಂದರೆ, ಬಿಟ್ಟೇ ನಿಂತಿದ್ದೇನೆ ಎಂದು ಕಣ್ಣು ಕೆಂಪಗೆ ಮಾಡಿದ. ಹೊಲಿದೆ. ಸಿದ್ರಾಮಣ್ಣನವರ ಮಗಳ ಮದುವೆ. ಬೀಗರು ಬಂದಿಳಿದರು, ಯಮನಪ್ಪ ಮುಂದೆ ನಿಂತು ತಾರಕ ಸ್ವರಕ್ಕೆ ಉಸಿರೆಳೆದ. ಎಳೆದ ಉಸಿರು ಕ್ಲಾರಿಯೋನೆಟ್ಟಿಗೆ ಹೋಗುವ ಮೊದಲೇ ಪ್ಯಾಂಟಿನ ಹಿಂಭಾಗ ಮೇಲಿಂದ ಕೆಳಗಿನವರೆಗೆ ಬಿಟ್ಟುಕೊಂಡಿತು. ಬೀಗರ ಕಡೆಯ ಹೆಂಗಸರು ಇವತ್ತಿಗೂ ನಮ್ಮ ಊರಿನ ಹೆಸರೆತ್ತಿದರೆ ಸೆರಗು ಬಾಯಿಗಿಟ್ಟುಕೊಳ್ಳುತ್ತಾರೆ. ಯಮನಪ್ಪ ನನ್ನ ದಾರ ಲಡ್ಡಾಗಿತ್ತು ಎಂದ. ಅವನ ಅಳತೆ ಸುಳ್ಳು ಎಂದು ನಾನು ಹೇಳಿದೆ. ಸಿದ್ರಾಮಣ್ಣ ನಮ್ಮಿಬ್ಬರ ಮೇಲೂ ಹಲ್ಲು ಕಡಿದು, ಅದೇ ದಿನ ಪುಸ್ತಕದಲ್ಲಿ ನಮ್ಮ ಹೆಸರನ್ನು ಎದುರುಬದುರು ಬರೆದರು.

ಅಂದಿನಿಂದ ವಾರಕ್ಕೊಮ್ಮೆ ನಾನು ಅವನ ಕಟ್ಟೆಗೆ ಹೋಗಿ ತಟ್ಟೆಯನ್ನು ನೋಡಿ ‘ದುಂಡಗೈತಿ’ ಎನ್ನುತ್ತಿದ್ದೆ. ಅವನು ‘ಹೂಂ’ ಎನ್ನುತ್ತಿದ್ದ. ಆಮೇಲೆ ಅವನು ನನ್ನ ಕಟ್ಟೆಗೆ ಬಂದು ‘ದುಂಡಗೈತಿ’ ಎನ್ನುತ್ತಿದ್ದ, ನಾನು ‘ಹೂಂ’ ಎನ್ನುತ್ತಿದ್ದೆ. ಹನ್ನೊಂದು ವರ್ಷದಲ್ಲಿ ನಮ್ಮಿಬ್ಬರ ನಡುವೆ ನಡೆದ ಮಾತುಕತೆ ಇಷ್ಟೇ.

ಹೋದ ವರ್ಷ ಯುಗಾದಿಯಾದ ಮುಂದಿನ ಸೋಮವಾರ ಎಂದಿನಂತೆ ಅವನ ತಟ್ಟೆಗೆ ಬಗ್ಗಿದೆ. ‘ದುಂ’ ಎಂಬುದು ಬಾಯಿಗೆ ಬಂದಿತ್ತು, ಅಲ್ಲೇ ನಿಂತಿತು. ನೀಲಿ ಬಳೆ ಒಗೆದೊಗೆದು ಮಾಸಿದ ಬಟ್ಟೆಯ ಹಾಗೆ ಬಿಳಿಚಿಕೊಂಡಿತ್ತು. ಹೊರಗಿನ ಬಳೆ ಒಂದು ಕಡೆ ಕಿತ್ತುಹೋಗಿ ಅಲ್ಲಿ ಸಣ್ಣ ಸಣ್ಣ ಹನಿಗಳು ನಿಂತಿದ್ದವು. ಎಣಿಸಿದೆ. ಒಂಬತ್ತು. ಇನ್ನೊಮ್ಮೆ ಎಣಿಸಿದೆ. ಒಂಬತ್ತೇ. ಯಮನಪ್ಪ ಹರೆಯದಲ್ಲಿ ಕಾಮಾಲೆಯಾಗಿ ಮೂರು ತಿಂಗಳು ಮಲಗಿದ್ದು ನೆನಪಾಯಿತು. ಈ ಮನುಷ್ಯನ ಪ್ಯಾಂಟು ಹರಿಯಲಿ, ಕ್ಲಾರಿಯೋನೆಟ್ಟಿನಲ್ಲಿ ಜೇಡ ಗೂಡು ಕಟ್ಟಲಿ ಎಂದು ಎಷ್ಟೋ ಸಲ ಶಪಿಸಿದ್ದೆ. ಇದನ್ನು ಮಾತ್ರ ಶಪಿಸಿರಲಿಲ್ಲ.

‘ಒಡದೈತಿ,’ ಎಂದೆ.

ಯಮನಪ್ಪ ‘ಹೂಂ’ ಎಂದುಬಿಟ್ಟ, ಅಭ್ಯಾಸಬಲ. ಆಮೇಲೆ ಅವನಿಗೆ ಕಿವಿ ಬಂತು. ಓಣಿಯವರೆಲ್ಲ ಕೇಳುವಂತೆ ನನ್ನ ಏಳು ತಲೆಮಾರನ್ನು ಹೊರಗೆಳೆದ. ಇದು ಹೊಟ್ಟೆಕಿಚ್ಚು, ಹನ್ನೊಂದು ವರ್ಷದಿಂದ ಕಾದು ಕುಳಿತು ಇವತ್ತು ಕಾರಿಕೊಂಡಿದ್ದಾನೆ, ನೀರಿನಲ್ಲಿರುವುದು ಕ್ಲಾರಿಯೋನೆಟ್ಟಿನ ಕೀಲಿಗೆ ಹಾಕಿದ ಎಣ್ಣೆ ಎಂದ. ಸೀಗೆಪುಡಿ ಹಾಕಿ ತಿಕ್ಕಿದ್ದಿಯಲ್ಲ ಎಂದು ಯಾರೋ ಕೇಳಿದ್ದಕ್ಕೆ ಅವರ ತಲೆಮಾರನ್ನೂ ಎಳೆದ. ಜನ ನನ್ನನ್ನು ನೋಡುವ ರೀತಿ ನನಗೆ ಹಿಡಿಸಲಿಲ್ಲ. ಆಗದವನೇ ಓದಬೇಕು ಎನ್ನುವವರೂ ಇವರೇ, ಆಗದವನು ಓದಿದರೆ ನಂಬದವರೂ ಇವರೇ. ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ನನ್ನ ಹೆಂಡತಿ ರುಕ್ಮಾಬಾಯಿ ನನ್ನನ್ನು ಬಾಗಿಲ ಮರೆಗೆ ಕರೆದು, ಖರೇ ಒಡೆದಿದೆಯೋ ಅಥವಾ ಆ ಪ್ಯಾಂಟಿನ ಸಲುವಾಗಿ ಹೇಳಿದಿರೋ ಎಂದು ಕೇಳಿದ್ದು.

ಅಷ್ಟರಲ್ಲಿ ಯಮನಪ್ಪ ದಾಪುಗಾಲು ಹಾಕಿ ನನ್ನ ಕಟ್ಟೆಗೆ ಬಂದ. ನನ್ನ ತಟ್ಟೆಯ ಮೇಲೆ ಅರ್ಧ ನಿಮಿಷ ಬಗ್ಗಿ ನಿಂತ. ತಲೆಯೆತ್ತಿ, ‘ಇವಂದೂ ಒಡದೈತಿ. ಹದಿನೆಂಟು ಹನಿ ಅದಾವ,’ ಎಂದ.

ಸಿಟ್ಟಿನ ಭರದಲ್ಲಿ ತಾನೇ ಹೆಣೆದ ಬಲೆಗೆ ಬೀಳುವ ಇಂಥ ತಪ್ಪನ್ನು ನಮ್ಮ ಊರಿನವರು ಮಾತ್ರ ಮಾಡಲು ಸಾಧ್ಯ. ಸಿದ್ರಾಮಣ್ಣ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು, ಇಬ್ಬರ ಮಾತನ್ನೂ ಕೇಳಿಸಿಕೊಂಡರು. ಆಗದವನ ಬಾಯಿಂದ ಬಂದ ಓದನ್ನು ತಿರುಗಿ ನುಂಗುವಂತಿಲ್ಲ ಎಂದರು. ಯಮನಪ್ಪನ ಓದು ನಿಜವೆಂದಾದರೆ ಪುಂಡಲೀಕನದೂ ನಿಜ. ಪುಂಡಲೀಕನದು ಸುಳ್ಳೆಂದಾದರೆ ಯಮನಪ್ಪನದೂ ಸುಳ್ಳು, ಆಗ ಇಬ್ಬರಿಗೂ ಜೀವಮಾನದಲ್ಲಿ ತಟ್ಟೆ ಮುಟ್ಟುವ ಹಕ್ಕಿಲ್ಲ. ಯಮನಪ್ಪನ ಹೆಂಡತಿ ದ್ಯಾಮವ್ವ ಒಳಗಿನಿಂದ ಅವನ ಚಪ್ಪಲಿ ತಂದು ಮುಂದಿಟ್ಟಳು. ಹೀಗೆ ಬರೀ ಹೊಟ್ಟೆಯಲ್ಲಿ, ಹತ್ತು ಹೆಜ್ಜೆ ಅಂತರದಲ್ಲಿ, ನಾವಿಬ್ಬರೂ ಆಸ್ಪತ್ರೆಗೆ ನಡೆದೆವು.

ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ಅವನು ಸುಳ್ಳ, ಮೂವತ್ತನಾಲ್ಕು ಎಂದು ಟೇಪಿಗೇ ಸುಳ್ಳು ಹೇಳಿದವನು. ಆದರೆ ಅರ್ಧ ನಿಮಿಷ ಬಗ್ಗಿ ನೋಡಿದ್ದನಲ್ಲ? ನನ್ನ ತಟ್ಟೆಯನ್ನು ನಾನು ಓದುವ ಹಾಗಿಲ್ಲ, ಓದಿದರೂ ನಂಬುವ ಹಾಗಿಲ್ಲ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ನನ್ನ ಬಲಪಕ್ಕೆಯಲ್ಲಿ ಸಣ್ಣಗೆ ನೋಯುತ್ತಿತ್ತು.

ಡಾಕ್ಟರ್ ಪಂಕಜಾಕ್ಷಿ ಇಬ್ಬರ ರಕ್ತವನ್ನೂ ತೆಗೆದುಕೊಂಡು ಬೆಂಚಿನ ಮೇಲೆ ಕೂರಿಸಿದರು. ಎದುರಿನ ಗಾಡಿಯಲ್ಲಿ ಮಿರ್ಚಿ ಭಜಿ ಕರಿಯುತ್ತಿದ್ದರು. ಮತ್ತೊಮ್ಮೆ ರಕ್ತ ತೆಗೆಯಬೇಕಾಗಬಹುದು, ಏನೂ ತಿನ್ನಬಾರದು ಎಂದು ನರ್ಸಮ್ಮ ಹೇಳಿ ಹೋಗಿದ್ದರು. ಮಧ್ಯಾಹ್ನ ಒಂದು ಗಂಟೆಯಾಯಿತು. ಯಮನಪ್ಪ ಆ ಗಾಡಿಯನ್ನೇ ನೋಡುತ್ತ, ಯಾರಿಗೋ ಹೇಳುವವನಂತೆ ಹೇಳಿದ.

‘ನಿಂದು ದುಂಡಗಿತ್ತು.’

‘ಗೊತ್ತಿತ್ತು,’ ಎಂದು ಸುಳ್ಳು ಹೇಳಿದೆ. ಪಕ್ಕೆಯ ನೋವು ಅಲ್ಲೇ ನಿಂತಿತು.

‘ನಂದು?’

‘ಒಂಬತ್ತು ಹನಿ.’

‘ಎಣಿಸಿದೇನ?’

‘ಎರಡು ಸಲ ಎಣಿಸೀನಿ.’

ನನ್ನ ಮಾತನ್ನು ನಂಬಿದ್ದಾನೆ ಎಂದು ಅವನ ಮುಖ ನೋಡಿಯೇ ತಿಳಿಯಿತು. ಆಗ ನನಗೆ ಅವನ ಮೇಲೆ ಎಂಥ ಮರುಕ ಬಂತೆಂದರೆ, ಆ ಪ್ಯಾಂಟನ್ನು ನಾನೇ ಬೇಕೆಂದು ಹರಿದೆ ಎಂದು ಒಪ್ಪಿಕೊಳ್ಳಲೂ ತಯಾರಿದ್ದೆ.

ಡಾಕ್ಟರಮ್ಮ ಯಮನಪ್ಪನ ಹೊಟ್ಟೆಯ ಸ್ಕ್ಯಾನ್ ಮಾಡಿದ ಮೇಲೆ ಇಬ್ಬರನ್ನೂ ಒಳಗೆ ಕರೆದು ತಿಳಿಸಿ ಹೇಳಿದರು. ರಕ್ತದಲ್ಲಿ ನೂರಾರು ಬಗೆಯ ಕೊಬ್ಬುಗಳು ಓಡಾಡುತ್ತವೆ, ಅವುಗಳ ಕಾರುಬಾರು ನಡೆಸುವುದು ಲಿವರು. ಲಿವರಿನಲ್ಲಿ ಕೆಟ್ಟ ಗಡ್ಡೆ ಬೇರೂರತೊಡಗಿದರೆ ಕೆಲವು ಕೊಬ್ಬುಗಳು ಇಳಿಯುತ್ತವೆ, ಕೆಲವು ಏರುತ್ತವೆ. ಮನುಷ್ಯನಿಗೆ ಇನ್ನೂ ಹಸಿವು, ನಿದ್ದೆ, ಜಗಳ ಎಲ್ಲ ಚೆನ್ನಾಗಿಯೇ ಇರುತ್ತದೆ. ಯಮನಪ್ಪನವರ ರಕ್ತದಲ್ಲಿ ಹಾಗೆಯೇ ಆಗಿದೆ. ಬರೀ ಅದನ್ನು ನಂಬಿ ಕೂರುವಂತಿಲ್ಲ, ಒಳಗಿನ ಚಿತ್ರ ತೆಗೆದು ನೋಡಿದ್ದೇನೆ. ಬಟಾಣಿ ಕಾಳಿನಷ್ಟು ಗಡ್ಡೆಯಿದೆ. ಇಷ್ಟರಲ್ಲಿ ಸಿಕ್ಕಿದ್ದು ಪುಣ್ಯ, ಕತ್ತರಿಸಿ ತೆಗೆಯಬಹುದು. ನನ್ನ ಕಡೆ ತಿರುಗಿ, ನಿಮ್ಮದು ಬರೀ ಕರಿದ ಪದಾರ್ಥದ ಕೊಬ್ಬು, ಭಜಿ ಬಿಡಿ ಎಂದರು. ಅಂಥ ಗಳಿಗೆಯಲ್ಲೂ ಯಮನಪ್ಪನಿಗೆ ನಗು ಬಂತು. ಹನ್ನೊಂದು ವರ್ಷದಲ್ಲಿ ನನ್ನ ಎದುರು ಅವನು ನಕ್ಕಿದ್ದು ಅದೇ ಮೊದಲು.

ಗಡ್ಡೆ ತೆಗೆದರು. ತಿಂಗಳೊಪ್ಪತ್ತು ಮಲಗಿದ್ದು ಮನೆಗೆ ಬಂದ. ಬಂದ ಮೂರನೆಯ ದಿನ ಹಿತ್ತಲ ಗೋಡೆಯ ಮೇಲಿನಿಂದ ಅವನ ತಲೆ ಕಾಣಿಸಿತು. ಪ್ಯಾಂಟುಗಳೆಲ್ಲ ಜಾರುತ್ತವೆ, ಲುಂಗಿ ಉಟ್ಟು ಬ್ಯಾಂಡಿನ ಮುಂದೆ ನಿಲ್ಲಲು ಆಗುವುದಿಲ್ಲ ಎಂದು ಗೋಡೆಗೆ ಹೇಳಿದ. ಟೇಪು ತೆಗೆದುಕೊಂಡು ಹಿತ್ತಲ ಬಾಗಿಲಿನಿಂದ ಹೋದೆ. ಅಳತೆಗೆ ನಿಂತವನು ಉಸಿರನ್ನು ಪೂರ್ತಿ ಬಿಟ್ಟು, ಹೊಟ್ಟೆಯನ್ನು ಸಡಿಲ ಮಾಡಿ, ಆಸ್ಪತ್ರೆಯ ಹೊಲಿಗೆಯ ಗುರುತನ್ನೂ ಮುಚ್ಚಿಕೊಳ್ಳದೆ ನಿಂತ. ಟೇಪು ಮೂವತ್ತನಾಲ್ಕನ್ನೇ ತೋರಿಸಿತು. ಇಬ್ಬರೂ ಆ ಅಂಕಿಯನ್ನು ನೋಡಿದೆವು. ಅವನು ಕಣ್ಣೊರೆಸಿಕೊಂಡ, ನಾನು ಬಟ್ಟೆ ಹುಡುಕುವ ನೆಪದಲ್ಲಿ ಬೆನ್ನು ಮಾಡಿದೆ. ಆ ಪ್ಯಾಂಟಿಗೆ ನಾನು ಮೂರು ಸಾಲು ಹೊಲಿಗೆ ಹಾಕಿದೆ. ಆನೆ ಕೂತು ಎದ್ದರೂ ಅದು ಬಿಡುವುದಿಲ್ಲ.

ಅಲ್ಲಿಂದ ಶುರುವಾಯಿತು ನಮ್ಮ ಕಷ್ಟ. ಗಡ್ಡೆ ತೆಗೆದರೂ ಮತ್ತೆ ಮೊಳೆಯಬಹುದು, ವಾರ ತಪ್ಪದೆ ತಟ್ಟೆ ಓದಿಸಬೇಕು, ಮೂರು ತಿಂಗಳಿಗೊಮ್ಮೆ ರಕ್ತ ತೋರಿಸಬೇಕು, ಓದುವ ಕಣ್ಣು ಬದಲಾಗದಿದ್ದರೆ ಒಳ್ಳೆಯದು ಎಂದು ಡಾಕ್ಟರಮ್ಮ ಹೇಳಿದ್ದರು. ಒಂಬತ್ತು ಹನಿಯನ್ನು ಕಂಡ ಕಣ್ಣು ನನ್ನದು. ಆದರೆ ನಾವು ಸ್ನೇಹಿತರಾದದ್ದು ಸಿದ್ರಾಮಣ್ಣನಿಗೆ ಗೊತ್ತಾದರೆ ಪುಸ್ತಕದಿಂದ ಹೆಸರು ಹೊಡೆದುಹಾಕುತ್ತಾರೆ. ಹೀಗಾಗಿ ಬೀದಿಯಲ್ಲಿ ಜಗಳ, ಹಿತ್ತಲಲ್ಲಿ ಊಟ ಎಂದು ಮಾಡಿಕೊಂಡೆವು. ರುಕ್ಮಾಬಾಯಿ ಗೋಡೆಯ ಮೇಲಿನಿಂದ ಎಣ್ಣೆ ಹಾಕದ ಪಲ್ಯ ದಾಟಿಸುವಳು, ದ್ಯಾಮವ್ವ ಆ ಕಡೆಯಿಂದ ಜೋಳದ ರೊಟ್ಟಿ ದಾಟಿಸುವಳು. ಶನಿವಾರಕ್ಕೊಮ್ಮೆ ನಾವಿಬ್ಬರೂ ಮುಂಬಾಗಿಲಿಗೆ ಬಂದು ಬೈದಾಡುವೆವು. ಮೊದಮೊದಲು ಬೈಗುಳ ನೆಟ್ಟಗೆ ಬರುತ್ತಿರಲಿಲ್ಲ. ಒಮ್ಮೆ ಯಮನಪ್ಪ, ‘ನಿನ್ನ ಹೊಲಿಗಿಗೆ ಬೆಂಕಿ ಹತ್ತಲಿ,’ ಎಂದು ಅಬ್ಬರಿಸಿ, ದನಿ ತಗ್ಗಿಸಿ, ‘ಔಷಧ ತಗೊಂಡೆ,’ ಎಂದು ಸೇರಿಸಿದ. ಇನ್ನೊಮ್ಮೆ ನಾನು ಅವನನ್ನು ಸುಳ್ಳ ಎಂದು ಕೂಗುವ ಭರದಲ್ಲಿ ‘ಯಮನಪ್ಪಣ್ಣಾ’ ಎಂದುಬಿಟ್ಟೆ. ಓಣಿಯವರು ಅದನ್ನು ವ್ಯಂಗ್ಯವೆಂದುಕೊಂಡು ಮೆಚ್ಚಿದರು.

ಹೀಗೆ ಎಂಟು ತಿಂಗಳು ನಡೆಯಿತು. ಒಂದು ಸೋಮವಾರ ಅವನ ಕಟ್ಟೆಗೆ ಹೋದೆ, ‘ದುಂಡಗೈತಿ’ ಎಂದೆ, ಅವನು ‘ಹೂಂ’ ಎಂದ, ಬಂದು ಮಷಿನ್ನಿನ ಮುಂದೆ ಕುಳಿತೆ. ಸೂಜಿಗೆ ದಾರ ಪೋಣಿಸುವಾಗ ಕೈ ನಿಂತುಹೋಯಿತು. ನನ್ನ ಕಣ್ಣಿನೊಳಗೆ ಆ ತಟ್ಟೆ ಇನ್ನೂ ಇತ್ತು. ಅದರ ಹೊರಗಿನ ಬಳೆಯ ಪಕ್ಕ ಏನೋ ಒಂದು ಚುಕ್ಕೆ ಇತ್ತು. ಗಸಗಸೆಯಷ್ಟು. ನಾನು ಅದನ್ನು ಕಂಡಿದ್ದೆ, ಧೂಳು ಎಂದುಕೊಂಡಿದ್ದೆ. ಧೂಳೇ ಇರಬಹುದು. ಆದರೆ ಧೂಳು ಎಂದು ನಾನು ನೋಡಿ ಹೇಳಲಿಲ್ಲ, ಧೂಳಾಗಿರಲಿ ಎಂದು ಹೇಳಿದೆ. ನೋಡುವ ಮೊದಲೇ ನನ್ನ ಬಾಯಿ ‘ದುಂಡಗೈತಿ’ ಎಂದಿತ್ತು. ಎಷ್ಟು ವಾರದಿಂದ ಹೀಗಾಗುತ್ತಿದೆ ಎಂದು ಯೋಚಿಸಿದೆ. ಕೊನೆಯ ಸಲ ಎಣಿಸುವವನಂತೆ ಬಗ್ಗಿದ್ದು ಯಾವಾಗ ಎಂದು ನನಗೆ ನೆನಪೇ ಆಗಲಿಲ್ಲ. ಹಿಂದಿನವರು ಮಣ್ಣು ಮಾಡಿದ ಜನರ ಪೈಕಿ ಎಷ್ಟು ಮಂದಿಯನ್ನು ನನ್ನಂಥ ಗೆಳೆಯರು ದುಂಡಗೆ ಓದಿ ಕಳಿಸಿದ್ದರೋ.

ತಿರುಗಿ ಹೋಗಿ ನೋಡೋಣವೆಂದು ಎದ್ದೆ. ಮತ್ತೆ ನೋಡುವುದೂ ಇದೇ ಕಣ್ಣು ತಾನೆ. ಕುಳಿತೆ. ಮತ್ತೆ ಎದ್ದು, ಟೇಪನ್ನು ಕೊರಳಲ್ಲಿ ಹಾಕಿಕೊಂಡೇ ಸಿದ್ರಾಮಣ್ಣನ ಮನೆಗೆ ಹೋದೆ.

‘ನಮ್ಮ ಹೆಸರು ಹೊಡದು ಹಾಕ್ರಿ, ಸಿದ್ರಾಮಣ್ಣಾರ. ನಾನೂ ಯಮನಪ್ಪನೂ ಎಂಟು ತಿಂಗಳಿಂದ ದೋಸ್ತರಿದ್ದೀವಿ. ನನ್ನ ಕಣ್ಣು ಕೆಟ್ಟಾವ.’

ಸಿದ್ರಾಮಣ್ಣ ಪುಸ್ತಕ ತೆಗೆದರು. ಯಮನಪ್ಪನಿಗೆ ಬೇರೆ ಯಾರು ಆಗುವುದಿಲ್ಲ ಎಂದು ಹುಡುಕಿದರು. ಕಾಯಿಲೆಯಾದ ಮೇಲೆ ಅವನ ಮೇಲೆ ಎಲ್ಲರಿಗೂ ಕನಿಕರ ಬಂದು, ಪಟ್ಟಿಯಲ್ಲಿದ್ದ ನಾಲ್ಕು ಹೆಸರುಗಳೂ ಉದುರಿಹೋಗಿದ್ದವು. ಕೊನೆಗೆ ಅವರೇ ಎದ್ದು ನಿಂತು, ಮಗಳ ಮದುವೆಯ ದಿನದ ಸಿಟ್ಟು ನನಗಿನ್ನೂ ಆರಿಲ್ಲ, ನಾನೇ ಓದುತ್ತೇನೆ ನಡೆ ಎಂದು ಕನ್ನಡಕದ ಡಬ್ಬಿ ಹುಡುಕಿದರು.

ಹನ್ನೆರಡು ಗಂಟೆಯ ಹೊತ್ತಿಗೆ ಓಣಿಯೆಲ್ಲ ಯಮನಪ್ಪನ ಕಟ್ಟೆಯ ಮುಂದೆ ಸೇರಿತ್ತು. ವಿಷಯ ತಿಳಿದ ಯಮನಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ನನ್ನನ್ನು ಒಮ್ಮೆ ನೋಡಿದವನು ಮತ್ತೆ ನೋಡಲಿಲ್ಲ. ಸಿದ್ರಾಮಣ್ಣ ಕನ್ನಡಕ ಒರೆಸಿದರು, ಹಾಕಿಕೊಂಡರು, ತೆಗೆದು ಮತ್ತೆ ಒರೆಸಿದರು. ತಟ್ಟೆಗೆ ಮೂಗು ತಾಗುವಷ್ಟು ಬಗ್ಗಿದರು. ನೀಲಿ ಬಳೆಯನ್ನು ಸುತ್ತು ಹಾಕಿ ನೋಡಿದರು, ಹೊರಗಿನದನ್ನು ಸುತ್ತು ಹಾಕಿ ನೋಡಿದರು. ಚುಕ್ಕೆ ಅಲ್ಲೇ ಇತ್ತು. ಅವರು ಕಿರುಬೆರಳಿನ ಉಗುರಿನಿಂದ ಆ ಚುಕ್ಕೆಯನ್ನು ಎತ್ತಿದರು, ಬಿಸಿಲಿಗೆ ಹಿಡಿದರು, ನಾಲಿಗೆಯ ಮೇಲಿಟ್ಟು ಮುಂದಿನ ಹಲ್ಲಿನಿಂದ ಕಚ್ಚಿದರು.

‘ಗಸಗಸಿ,’ ಎಂದರು.

ದ್ಯಾಮವ್ವ ಹಣೆ ಬಡಿದುಕೊಂಡಳು. ನಿನ್ನೆ ಗಸಗಸೆ ಪಾಯಸ ಮಾಡಿ, ಪಾತ್ರೆ ತೊಳೆದ ನೀರಿನಲ್ಲೇ ತಾಮ್ರದ ತಟ್ಟೆಯನ್ನೂ ಅದ್ದಿದ್ದಳಂತೆ. ನೆರೆದವರೆಲ್ಲ ನಕ್ಕರು. ಸಿದ್ರಾಮಣ್ಣ ನಗಲಿಲ್ಲ. ನನ್ನ ಹತ್ತಿರ ಬಂದು, ‘ನೀ ಹೇಳಿದ್ದು ಖರೇನ ಐತಿ. ಆದ್ರ ನೋಡದ ಹೇಳಿದಿ. ಬಂದು ಒಪ್ಪಿಕೊಂಡಿ, ಛಲೋ ಮಾಡಿದಿ,’ ಎಂದರು. ಮನಸ್ಸಿಗೆ ಸಮಾಧಾನವಿರಲೆಂದು ಯಮನಪ್ಪನನ್ನು ರಕ್ತಕ್ಕೂ ಕಳಿಸಿದರು. ಎರಡು ದಿನ ಬಿಟ್ಟು ಡಾಕ್ಟರಮ್ಮ ಎಲ್ಲವೂ ಇರಬೇಕಾದಷ್ಟೇ ಇದೆ ಎಂದು ಹೇಳಿದರು. ಆ ಎರಡು ದಿನ ನನ್ನ ಮನೆಯಲ್ಲಿ ಒಲೆ ಉರಿದದ್ದೂ ನನಗೆ ಗೊತ್ತಿಲ್ಲ.

ಒಳ್ಳೆಯ ಸುದ್ದಿ ಬಂದ ಸಂಜೆ ನಾನು ಹಿತ್ತಲ ಗೋಡೆಯ ಬಳಿ ನಿಂತು ಕರೆದೆ. ಯಮನಪ್ಪನ ತಲೆ ಮೇಲೆ ಬಂತು. ಮುಖ ಹೊಗೆಯಾಡುತ್ತಿತ್ತು.

‘ನನ್ನ ಜೀವ ನಿನ್ನ ಕಣ್ಣಾಗ ಇಟ್ಟಿದ್ದೆ. ನನಗ ಒಂದು ಮಾತು ಹೇಳದ ಊರ ಮುಂದ ಹೋಗಿ ಕೊಟ್ಟು ಬಂದಿ. ಎರಡು ದಿನ ನಾನು ಸತ್ತು ಬದುಕೀನಿ. ಇನ್ನ ನಿನ್ನ ಮಾರಿ ನೋಡಂಗಿಲ್ಲ.’

ತಲೆ ಕೆಳಗಿಳಿಯಿತು. ಮರುದಿನದಿಂದ ರೊಟ್ಟಿ ಬರಲಿಲ್ಲ. ಪಲ್ಯದ ಡಬ್ಬಿ ಖಾಲಿಯಾಗಿ ಗೋಡೆಯ ಮೇಲೆ ಬಂದು ಕುಳಿತಿತು. ಶನಿವಾರ ಮುಂಬಾಗಿಲಿಗೆ ಹೋಗಿ ಅವನನ್ನು ಹಳೆಯ ರೀತಿಯಲ್ಲಿ ಎರಡು ಬೈಗುಳ ಬೈದು ನೋಡಿದೆ, ಅವನು ಬಾಗಿಲು ಹಾಕಿಕೊಂಡ. ರುಕ್ಮಾಬಾಯಿ ರಾಜಿ ಮಾಡಲು ಹೋಗಿ ಬಾಗಿಲಿನಿಂದಲೇ ತಿರುಗಿ ಬಂದಳು. ನನಗೆ ಸಂಕಟವಾಯಿತು, ಯಾಕೆ ಸುಳ್ಳು ಹೇಳಲಿ. ಐವತ್ತೆಂಟು ವರ್ಷದ ಗಂಡಸು ಮಷಿನ್ನಿನ ಮೇಲೆ ತಲೆಯಿಟ್ಟು ಅತ್ತೆ.

ಭಾನುವಾರ ಸಿದ್ರಾಮಣ್ಣ ಪುಸ್ತಕ ಹಿಡಿದು ಬಂದರು. ಓಣಿಯಲ್ಲಿ ನಾಲ್ಕು ಮನೆ ವಿಚಾರಿಸಿದರು, ದ್ಯಾಮವ್ವನನ್ನು ಕೇಳಿದರು, ಗೋಡೆಯ ಮೇಲಿನ ಖಾಲಿ ಡಬ್ಬಿಯನ್ನು ಕಣ್ಣಾರೆ ನೋಡಿದರು. ಯಮನಪ್ಪನಿಗೆ ಪುಂಡಲೀಕ ಆಗುವುದಿಲ್ಲ ಎಂಬುದರಲ್ಲಿ ಈಗ ಯಾವ ಅನುಮಾನವೂ ಇಲ್ಲ ಎಂದರು. ಪುಂಡಲೀಕನಿಗೆ ಯಮನಪ್ಪ ಆಗುತ್ತಾನೋ ಇಲ್ಲವೋ ಎಂದು ಮಾತ್ರ ನನ್ನನ್ನು ಕೇಳಿದರು. ನಾನು ಅವರ ಕಣ್ಣನ್ನೇ ನೋಡಿ, ಕಣ್ಣು ಇನ್ನೊಮ್ಮೆ ಕೆಟ್ಟರೆ ನಾನೇ ಬಂದು ಹೇಳುತ್ತೇನೆ ಎಂದೆ. ಅವರು ಪೆನ್ನಿನ ಮುಚ್ಚಳ ತೆಗೆದು, ನಮ್ಮ ಹೆಸರನ್ನು ಮತ್ತೆ ಎದುರುಬದುರು ಬರೆದರು.

ಈಗ ನಾಲ್ಕು ಸೋಮವಾರಗಳಾದವು. ನಾನು ಅವನ ತಟ್ಟೆಗೆ ಬಗ್ಗುತ್ತೇನೆ. ನೀಲಿಯನ್ನು ಎರಡು ಸಲ ಸುತ್ತುತ್ತೇನೆ, ಹೊರಗಿನದನ್ನು ಮೂರು ಸಲ. ಬಾಯನ್ನು ಹಲ್ಲಿನಿಂದ ಕಚ್ಚಿ ಹಿಡಿದಿರುತ್ತೇನೆ, ಕಣ್ಣಿಗಿಂತ ಮೊದಲು ಅದು ಓಡಬಾರದು. ಎಲ್ಲ ಮುಗಿದ ಮೇಲೆ ‘ದುಂಡಗೈತಿ’ ಎನ್ನುತ್ತೇನೆ. ಅವನು ಬೇರೆ ಕಡೆ ನೋಡುತ್ತ ‘ಹೂಂ’ ಎನ್ನುತ್ತಾನೆ. ನಾನು ಹೊಲಿದ ಮೂರು ಸಾಲು ಹೊಲಿಗೆಯ ಪ್ಯಾಂಟನ್ನು ಇಸ್ತ್ರಿ ಮಾಡಿ ಹಾಕಿಕೊಂಡಿರುತ್ತಾನೆ, ಆದರೆ ಸಿಟ್ಟು ಒಂದು ಚೂರೂ ಇಳಿದಿಲ್ಲ. ದೇವರು ಅವನ ಆ ಸಿಟ್ಟನ್ನು ನೂರು ವರ್ಷ ಹಾಗೇ ಇಟ್ಟಿರಲಿ.